ಔಷಧದಾನವುಂಟು, ಅಭಯದಾನವೆಲ್ಲಿ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಶ್ರಾವಕನಿಗೆ ವಿಹಿತವಾದ ದಾನಗಳು ನಾಲ್ಕು. ಎಚ್‌ಐವಿ ಸೋಂಕಿತರ ವಿಷಯದಲ್ಲಿ ಸರ್ಕಾರವು ಎರಡನೆಯದನ್ನು ಸಲ್ಲಿಸಿದೆ. 2004ರ ಏಪ್ರಿಲ್‌ನಿಂದ ಎ.ಆರ್.ಟಿ. ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. ಆದರೆ ಮಾತ್ರೆಯಿಂದ ಬದುಕುಳಿದವನಿಗೂ ಹೃದ್ರೋಗ ಬಂದೀತು, ಕಾಲು ಮುರಿದೀತು. ಆಗ ಬೇಕಾದುದು ವಿಮೆಯ ಅಭಯ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ವಿಮೆಯ ನಿರಾಕರಣೆಯನ್ನು ತಾರತಮ್ಯವೆಂದೇ ಎಣಿಸುತ್ತದೆ. ವಿಮಾಗಣಿತದ ಅಧ್ಯಯನದ ಆಧಾರವಿದ್ದರೆ ಮಾತ್ರ ಅದಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಲೆಕ್ಕದ ಪುಸ್ತಕವನ್ನು ಕೇಳಿ ನೀಡುವ ಅಭಯ ಎಂಥ ಅಭಯ?

2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಇಂಥವರಿಗಾಗಿಯೂ ಪಾಲಿಸಿ ತರಲೇಬೇಕೆಂದು ಕಂಪನಿಗಳಿಗೆ ವಿಧಿಸಿತು. ಒಳ್ಳೆಯದೇ. ಆದರೆ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಂಥ ಊರಿನಲ್ಲಿ ಆ ಪಾಲಿಸಿಯನ್ನು ಕೇಳುವುದೆಂದರೆ ಪರಿಚಿತ ಏಜೆಂಟನ ಎದುರು ಸೋಂಕನ್ನು ಬಾಯಿಬಿಟ್ಟು ಹೇಳಿದಂತೆಯೇ. ಒಪ್ಪಿಗೆಯಿಲ್ಲದೆ ಸೋಂಕನ್ನು ಬಯಲುಮಾಡಬಾರದೆಂಬ ಅದೇ ಕಾಯಿದೆಯು ಈ ಅಳುಕನ್ನು ಎಣಿಸಿದಂತಿಲ್ಲ.

ಪಡಿತರ ಚೀಟಿಯನ್ನು ನೋಡಿ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹಳೆಯ ರೋಗವು ಅಡ್ಡಿಯಲ್ಲ. ಆದರೆ ಎ.ಪಿ.ಎಲ್. ಚೀಟಿಯ ಕುಟುಂಬಕ್ಕೆ, ಅಂದರೆ ನಮ್ಮಲ್ಲಿ ಅಂಗಡಿಯಿಟ್ಟು ಬದುಕುವ ಅನೇಕರಿಗೆ, ಅದು ನಿಗದಿತ ದರದ ಶೇ. 30ರಷ್ಟನ್ನೇ ಭರಿಸುತ್ತದೆ. ಉಳಿದ ಶೇ. 70ಕ್ಕೆ ಅವರು ಮತ್ತೆ ಆ ಏಜೆಂಟನ ಬಾಗಿಲಿಗೇ ಹೋಗಬೇಕು.