ಆಸ್ಪತ್ರೆಗೆ ಮರಳುವ ರೋಗಿಗಳು: ಹೋಲಿಕೆಯ ಗುಂಪು ಎಲ್ಲಿದೆ?

ಬಿಡುಗಡೆಯಾದ ರೋಗಿ ಕೆಲವೇ ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರುವುದು ಸಾಮಾನ್ಯ. ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು ತಂಡವಾಗಿ ದುಡಿದರೆ ಇದನ್ನು ತಗ್ಗಿಸಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಿದ ಒಂದು ಪ್ರಯೋಗವನ್ನು ಇಲ್ಲಿ ಪರಿಶೀಲಿಸೋಣ.

ಅಮೆರಿಕದ ಕ್ಯಾಮ್ಡನ್ ನಗರದಲ್ಲಿ ಡಾ. ಜೆಫ್ರಿ ಬ್ರೆನ್ನರ್ ಕಟ್ಟಿದ ಒಕ್ಕೂಟವು ಪದೇ ಪದೇ ದಾಖಲಾಗುವ ರೋಗಿಗಳನ್ನು ಗುರುತಿಸಿ, ಅವರ ಮನೆಗೆ ಇಂಥ ತಂಡವನ್ನು ಕಳಿಸುತ್ತಿತ್ತು. 2011ರಲ್ಲಿ ಅತುಲ್ ಗವಾಂಡೆಯವರ ಲೇಖನದಿಂದ ಈ ಕಾರ್ಯಕ್ರಮ ಪ್ರಸಿದ್ಧವಾಯಿತು. ಅನಂತರ ಏಮಿ ಫಿಂಕೆಲ್‌ಸ್ಟೀನ್ ಮತ್ತು ಸಂಗಡಿಗರು 800 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದಕ್ಕೆ ತಂಡದ ನೆರವು, ಇನ್ನೊಂದಕ್ಕೆ ಎಂದಿನ ಆರೈಕೆ. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. 180 ದಿನಗಳೊಳಗೆ ಮರಳಿ ದಾಖಲಾದವರು ಮೊದಲ ಗುಂಪಿನಲ್ಲಿ ಶೇ. 62.3, ಎರಡನೆಯದರಲ್ಲಿ ಶೇ. 61.7. ಅಂದರೆ ವ್ಯತ್ಯಾಸವೇ ಇಲ್ಲ!

ಆದರೆ ನೆರವು ಪಡೆದವರ ಹಿಂದಿನ ಮತ್ತು ಮುಂದಿನ ಆರು ತಿಂಗಳುಗಳನ್ನಷ್ಟೇ ಹೋಲಿಸಿದ್ದರೆ, ದಾಖಲಾತಿ 38 ಶೇಕಡಾ ಅಂಶಗಳಷ್ಟು ಇಳಿದಂತೆ ಕಾಣುತ್ತಿತ್ತು. ಇದೇಕೆ? ತೀರಾ ಕೆಟ್ಟ ಸ್ಥಿತಿಯಲ್ಲಿದ್ದಾಗ ಆರಿಸಿದವರಲ್ಲಿ ಹಲವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಮೊದಲ ಕಿರುಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದವರನ್ನೇ ಆರಿಸಿ ಮತ್ತೆ ಪರೀಕ್ಷಿಸಿದರೆ, ವಿಶೇಷ ಪಾಠವಿಲ್ಲದೆಯೂ ಅವರ ಸರಾಸರಿ ಸಾಮಾನ್ಯವಾಗಿ ಏರುತ್ತದೆ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಗುರುತಿಸಿದ ‘ಸರಾಸರಿಗೆ ಮರಳುವಿಕೆ’ ಇದೇ.

ಹಾಗಾದರೆ ತಂಡದ ಕೆಲಸ ವ್ಯರ್ಥವೆ? ಹಾಗೆ ತೀರ್ಮಾನಿಸುವುದೂ ಅವಸರವೇ. 1995ರಲ್ಲಿ ಮೈಕೇಲ್ ರಿಚ್ ಮತ್ತು ಸಂಗಡಿಗರು ಸೇಂಟ್ ಲೂಯಿಸ್‌ನಲ್ಲಿ ಹೃದಯ ವೈಫಲ್ಯದ 282 ವೃದ್ಧ ರೋಗಿಗಳ ಮೇಲೆ ನಡೆಸಿದ ಯಾದೃಚ್ಛಿಕ ಪ್ರಯೋಗದಲ್ಲಿ, 90 ದಿನಗಳಲ್ಲಿ ಆ ಕಾಯಿಲೆಗಾಗಿ ಆದ ಮರುದಾಖಲಾತಿ 54ರಿಂದ 24ಕ್ಕೆ ತಗ್ಗಿತ್ತು. ಅಲ್ಲಿ ಒಂದೇ ಕಾಯಿಲೆ. ಆಹಾರ, ಔಷಧ, ಮನೆಭೇಟಿ ಎಂದು ಕೆಲಸವೂ ಖಚಿತ. ಕ್ಯಾಮ್ಡನ್ನಿನ ರೋಗಿಗಳಿಗಾದರೋ ಹಲವು ಕಾಯಿಲೆಗಳ ಜೊತೆಗೆ ವಸತಿಹೀನತೆ, ವ್ಯಸನಗಳ ಹೊರೆಯಿತ್ತು. ನಿಗದಿತ ದಿನಗಳೊಳಗೆ ಮನೆಭೇಟಿ ಮತ್ತು ವೈದ್ಯರ ಭೇಟಿ ಎರಡೂ ಅವರಲ್ಲಿ ಅರ್ಧದಷ್ಟು ಜನರಿಗೂ ಆಗಲಿಲ್ಲ. ಮನೆಯೇ ಇಲ್ಲದವನಿಗೆ ದಾದಿಯ ಸಲಹೆಯೊಂದೇ ಸಾಲದು.

ಆದ್ದರಿಂದ ‘ತಂಡ ಬೇಕೆ?’ ಎನ್ನುವುದಕ್ಕಿಂತ ‘ಯಾವ ರೋಗಿಗೆ, ಯಾವ ಕೆಲಸಕ್ಕೆ ತಂಡ?’ ಎಂಬುದು ಸರಿಯಾದ ಪ್ರಶ್ನೆ. ಸದುದ್ದೇಶ ಪುರಾವೆಯಾಗದು. ತನ್ನ ಕಾರ್ಯಕ್ರಮವನ್ನೇ ಇಂಥ ಪರೀಕ್ಷೆಗೆ ಒಡ್ಡಿದ ಕ್ಯಾಮ್ಡನ್ ಒಕ್ಕೂಟದ ಧೈರ್ಯ ಮೆಚ್ಚತಕ್ಕದ್ದು. ಯಶಸ್ಸಿನ ಅಂಕಿಅಂಶ ಕಂಡಾಗಲೆಲ್ಲ ಹೋಲಿಕೆಯ ಗುಂಪು ಎಲ್ಲಿದೆ ಎಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳಲಿ.