ತೊಕ್ಕು ಕೆಳಗೆ, ಚಕ್ಕುಲಿ ಕೈಯಲ್ಲಿ

ವಿದೇಶಕ್ಕೆ ಹೊರಟವರ ಬುತ್ತಿಯಲ್ಲಿ ತಪಾಸಣೆಯವರ ಕೈಗೆ ಮೊದಲು ಸಿಗುವುದು ಪುಳಿಯೋಗರೆ ಗೊಜ್ಜು. ಅದನ್ನೇ ಮನೆಯಲ್ಲಿ ಅನ್ನಕ್ಕೆ ಕಲಸಿ ಡಬ್ಬಿಗೆ ತುಂಬಿದರೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ದ್ರವ ಸ್ಫೋಟಕದಿಂದ ಲಂಡನ್ನಿನ ವಿಮಾನಗಳನ್ನು ಉಡಾಯಿಸುವ ಸಂಚು 2006ರ ಆಗಸ್ಟ್‌ನಲ್ಲಿ ಬಯಲಾದ ಮೇಲೆ, ಕೈಚೀಲದ ದ್ರವ ಮತ್ತು ಗೊಜ್ಜಿನಂಥ ಪದಾರ್ಥಕ್ಕೆ 100 ಮಿಲಿಲೀಟರ್ ಮಿತಿ ಬಂತು. ಹೆಚ್ಚಿನ ಕಡೆ ಅದು ಇಂದಿಗೂ ಇದೆ. ತುಪ್ಪ, ಮೊಸರು, ತೊಕ್ಕು ಎಲ್ಲಕ್ಕೂ ಇದೇ ಲೆಕ್ಕ. ನೋಡುವುದು ಸೀಸೆಯ ಅಳತೆ; ದೊಡ್ಡ ಸೀಸೆಯ ತಳದಲ್ಲಿ ಎರಡೇ ಚಮಚ ತುಪ್ಪ ಉಳಿದಿದ್ದರೂ ಅದು ಹೊರಗೇ.

ಮೈಸೂರು ಪಾಕಿನ ಕಥೆ ಬೇರೆ. ಅದು ಗಟ್ಟಿ ಪದಾರ್ಥ, ತಡೆಯಿಲ್ಲ. ಆದರೆ ಎಕ್ಸ್-ರೇ ತೆರೆಯಲ್ಲಿ ಲೋಹ ನೀಲಿಯಾಗಿ, ತಿನಿಸು ಕಿತ್ತಳೆಯಾಗಿ ಕಾಣುತ್ತದೆ. ಒತ್ತಾಗಿ ಜೋಡಿಸಿದ ಪಾಕು ಕಡು ಕಿತ್ತಳೆ ಇಟ್ಟಿಗೆ. ಪ್ಲಾಸ್ಟಿಕ್ ಸ್ಫೋಟಕವೂ ಅದೇ ಬಣ್ಣದಲ್ಲಿ ಕಾಣುವುದರಿಂದ ಸಿಬ್ಬಂದಿ ಚೀಲ ಬಿಚ್ಚಿಸಿದರೆ ಅದು ನ್ಯಾಯವೇ. ಸ್ಟೀಲ್ ಡಬ್ಬಿಯಾದರಂತೂ ಒಳಗಿನದು ಸರಿಯಾಗಿ ಕಾಣುವುದೇ ಇಲ್ಲ. ಚಪ್ಪಟೆಯಾದ ಪಾರದರ್ಶಕ ಡಬ್ಬಿಯಲ್ಲಿ ಒಂದೇ ಪದರ ಜೋಡಿಸಿ, ಕೇಳುವ ಮೊದಲೇ ತೆಗೆದು ಟ್ರೇಯಲ್ಲಿಡಿ. ಹೋಳಿಗೆಗೂ ಇದೇ ಕ್ರಮ. ನಡುವೆ ಬಾಳೆಲೆ ಬೇಡ, ಬೆಣ್ಣೆ ಕಾಗದ ಸಾಕು.

ಕೊಬ್ಬರಿ ಗಿಟುಕನ್ನು ಮಾತ್ರ ಮನೆಯಲ್ಲೇ ಬಿಡಿ. ತಿಪಟೂರಿನದೇ ಆಗಿರಲಿ, ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತು ಎಂದು ಅದಕ್ಕೆ ಕೈಚೀಲದಲ್ಲೂ ಜಾಗವಿಲ್ಲ, ಕೆಳಗಿನ ಲಗೇಜಿನಲ್ಲೂ ಇಲ್ಲ. ಅಮೆರಿಕಕ್ಕಾದರೆ ಹಸಿ ಕರಿಬೇವೂ ಬೇಡ. ಕರಿಬೇವು ನಿಂಬೆ, ಕಿತ್ತಳೆಗಳ ಕುಲದ ಗಿಡ. ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿದ ರೋಗವನ್ನು ಹರಡುವ ಕೀಟ ಅದರ ಎಲೆಯ ಮೇಲೆ ಪ್ರಯಾಣ ಮಾಡುತ್ತದೆ.

ನನ್ನನ್ನು ಕೇಳಿದರೆ ಕೈಚೀಲಕ್ಕೆ ಚಕ್ಕುಲಿ, ಕೋಡುಬಳೆಯಷ್ಟು ಒಳ್ಳೆಯ ಜೊತೆಗಾರರಿಲ್ಲ. ಹರಿಯುವುದಿಲ್ಲ, ಹಳಸುವುದಿಲ್ಲ, ಬಳೆಯ ಆಕಾರ ತೆರೆಯ ಮೇಲೂ ಸ್ಪಷ್ಟ. ಉಪ್ಪಿನಕಾಯಿ, ತೊಕ್ಕುಗಳ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಳಗಿನ ಲಗೇಜಿಗೆ ಹಾಕಿ. ಚಟ್ನಿಪುಡಿಯೂ ಅಲ್ಲಿಗೇ ಹೋಗಲಿ; ಅಮೆರಿಕದ ವಿಮಾನಗಳಲ್ಲಿ 350 ಮಿಲಿಲೀಟರ್ ಮೀರಿದ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆಯಾಗುತ್ತದೆ.

ಇಳಿದ ಮೇಲೆ, ಅದರಲ್ಲೂ ಆಸ್ಟ್ರೇಲಿಯಾದಲ್ಲಿ, ತಿನಿಸು ತಂದಿದ್ದೇನೆ ಎಂದು ಫಾರಂನಲ್ಲಿ ತಪ್ಪದೆ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಡಬ್ಬಿ ಹೋಗುತ್ತದೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ.