ಕೂಡಿಸಿದ ಅಂಕ, ಕಾಣದ ಓಟ: ಬೇಟೆನಾಯಿಗಳ ಋತುಪ್ರಶಸ್ತಿಯ ಲೆಕ್ಕಾಚಾರ

ಒಂದು ಇಡೀ ಋತುವಿನ ಗೆಲುವುಗಳನ್ನು ಕೂಡಿಸಿ ಬೇಟೆನಾಯಿಗೆ ನೀಡಲಾಗುವ ಪ್ರಶಸ್ತಿಗೆ ಶ್ವಾನಪ್ರಿಯರ ವಲಯದಲ್ಲಿ ದೊರೆತಿರುವ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಒಂದು ದಿನದ ಗೆಲುವಿನಲ್ಲಿ ಅದೃಷ್ಟದ ಪಾಲಿರುತ್ತದೆ, ಒಬ್ಬ ತೀರ್ಪುಗಾರನ ಅಭಿರುಚಿಯ ಪಾಲಿರುತ್ತದೆ, ಆದರೆ ಹತ್ತಾರು ಊರುಗಳಲ್ಲಿ ಹತ್ತಾರು ತೀರ್ಪುಗಾರರ ಕಣ್ಣಿಗೆ ಬಿದ್ದು ಗೆದ್ದ ನಾಯಿಯ ಶ್ರೇಷ್ಠತೆ ಪ್ರಶ್ನಾತೀತವೆಂಬುದು ಈ ಮನ್ನಣೆಯ ಹಿಂದಿರುವ ತರ್ಕ. ಕೇಳುವುದಕ್ಕೆ ಇದು ಸಮಂಜಸವಾಗಿಯೇ ಇದೆ. ಆದರೆ ಅಂಕಗಳನ್ನು ಕೂಡಿಸುವ ಕ್ರಮವನ್ನು ಬಿಡಿಸಿ ನೋಡಿದಾಗ, ಅಳತೆಗೆ ಒಳಗಾಗುತ್ತಿರುವುದು ನಾಯಿಯೋ ಅಥವಾ ನಾಯಿಯನ್ನು ಊರೂರಿಗೆ ಸಾಗಿಸುವ ಮಾಲೀಕನ ಶಕ್ತಿಯೋ ಎಂಬ ಅನುಮಾನ ಮೂಡುತ್ತದೆ; ಇನ್ನಷ್ಟು ಬಿಡಿಸಿದರೆ ಆ ಅನುಮಾನವೂ ಉಳಿಯುವುದಿಲ್ಲ.

ಮುಧೋಳ ನಾಯಿಯ ಇತಿಹಾಸವನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರ ಆಸಕ್ತಿ, ಅಂಚೆ ಇಲಾಖೆ 2005ರಲ್ಲಿ ಹೊರಡಿಸಿದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿ, ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ, 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಬಂದ ಪ್ರಸ್ತಾಪ ಇವೆಲ್ಲ ಆಸಕ್ತ ಓದುಗರಿಗೆ ಬಾಯಿಪಾಠವಾಗಿವೆ. ರಾಜಪಾಳಯಂ, ಚಿಪ್ಪಿಪಾರೈ, ಕನ್ನಿ ತಳಿಗಳ ಕುರಿತು ತಮಿಳುನಾಡಿನಲ್ಲಿಯೂ ಇಂಥದೇ ಅಭಿಮಾನದ ಸಾಹಿತ್ಯ ಬೆಳೆದಿದೆ. ಅಭಿಮಾನ ಬೆಳೆದ ವೇಗದಲ್ಲಿ ಪ್ರಶಸ್ತಿಯ ಸೂತ್ರದ ಪರಿಶೀಲನೆ ಬೆಳೆಯಲಿಲ್ಲ.

ಋತುಪ್ರಶಸ್ತಿಯ ಅಂಕಗಳನ್ನು ಲೆಕ್ಕ ಹಾಕುವುದಕ್ಕೆ ಶ್ವಾನಲೋಕದಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಪ್ರತಿ ಪ್ರದರ್ಶನದ ಪ್ರತಿ ಸ್ಥಾನಕ್ಕೂ ನಿಗದಿತ ಅಂಕವಿರುತ್ತದೆ: ತಳಿಯೊಳಗೆ ಪ್ರಥಮ ಬಂದರೆ ಇಷ್ಟು, ಗುಂಪಿನಲ್ಲಿ ಸ್ಥಾನ ಪಡೆದರೆ ಇಷ್ಟು, ಇಡೀ ಪ್ರದರ್ಶನದ ಶ್ರೇಷ್ಠ ನಾಯಿ ಎನ್ನಿಸಿಕೊಂಡರೆ, ಅಂದರೆ ‘ಬೆಸ್ಟ್ ಇನ್ ಶೋ’ ಆದರೆ ಇಷ್ಟು. ಎರಡನೆಯದು ಅಮೆರಿಕದಲ್ಲಿ ಹೆಚ್ಚು ರೂಢಿಯಲ್ಲಿರುವ ಕ್ರಮವಾಗಿದ್ದು, ಒಂದು ನಾಯಿ ಎಷ್ಟು ನಾಯಿಗಳನ್ನು ಹಿಂದಿಕ್ಕಿತೋ ಅಷ್ಟು ಅಂಕ ಅದರ ಖಾತೆಗೆ ಸೇರುತ್ತದೆ. ಎರಡೂ ಕ್ರಮಗಳಿಗೆ ಸಮಾನವಾದ ಒಂದು ಗುಣವಿದೆ: ಸೇರಿದ ಅಂಕ ಎಂದೂ ಕಡಿಮೆಯಾಗುವುದಿಲ್ಲ. ಸೋತ ದಿನಕ್ಕೆ ದಂಡವಿಲ್ಲ, ಭಾಗವಹಿಸುವಿಕೆಗೆ ಮಿತಿಯಿಲ್ಲ. ನಾಲ್ಕು ಪ್ರದರ್ಶನಗಳಿಗೆ ಹೋಗಿ ಮೂರರಲ್ಲಿ ಗೆದ್ದ ಒಂದು ನಾಯಿಯನ್ನೂ, ಇಪ್ಪತ್ತು ಪ್ರದರ್ಶನಗಳಿಗೆ ಹೋಗಿ ಐದರಲ್ಲಿ ಗೆದ್ದ ಇನ್ನೊಂದು ನಾಯಿಯನ್ನೂ ಊಹಿಸಿಕೊಂಡರೆ, ಮೊದಲನೆಯದು ನಾಲ್ಕಕ್ಕೆ ಮೂರು ಬಾರಿ ತೀರ್ಪುಗಾರರ ಒಪ್ಪಿಗೆ ಪಡೆದಿದೆ, ಎರಡನೆಯದು ನಾಲ್ಕಕ್ಕೆ ಮೂರು ಬಾರಿ ತಿರಸ್ಕಾರ ಕಂಡಿದೆ. ಆದರೂ ವರ್ಷದ ಪಟ್ಟಿಯಲ್ಲಿ ಮೇಲೆ ನಿಲ್ಲುವುದು ಎರಡನೆಯದೇ, ಏಕೆಂದರೆ ಹದಿನೈದು ತಿರಸ್ಕಾರಗಳಿಗೆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಇದನ್ನು ನಿರಂತರ ಸಾಧನೆಯೆಂದು ಕರೆಯುವವರು ಹಾಜರಿಯನ್ನೂ ಸಾಧನೆಯನ್ನೂ ಒಂದೇ ಎಂದು ತಿಳಿದಿದ್ದಾರೆ.

ಹಿಂದಿಕ್ಕಿದ ನಾಯಿಗಳನ್ನು ಎಣಿಸುವ ಕ್ರಮ ಮೇಲ್ನೋಟಕ್ಕೆ ಹೆಚ್ಚು ನ್ಯಾಯವಾಗಿ ಕಾಣಿಸುತ್ತದೆ. ಕಡಿಮೆ ಸ್ಪರ್ಧಿಗಳಿರುವ ಕಡೆ ಗೆದ್ದರೆ ಕಡಿಮೆ ಅಂಕ, ಹೆಚ್ಚು ಸ್ಪರ್ಧಿಗಳಿರುವ ಕಡೆ ಗೆದ್ದರೆ ಹೆಚ್ಚು ಅಂಕ. ಆದರೆ ಈ ಕ್ರಮ ಬಂದ ಕಡೆಯಲ್ಲೆಲ್ಲ ತನ್ನದೇ ಮನೆಯ ಸಾಧಾರಣ ನಾಯಿಗಳನ್ನು ಕಣಕ್ಕೆ ತಂದು ಸಂಖ್ಯೆ ಉಬ್ಬಿಸುವ ಚಾಳಿಯೂ ಅದರ ಬೆನ್ನಿಗೇ ಬಂದಿದೆ. ಸೋಲುವುದಕ್ಕೆಂದೇ ಬಂದ ಆ ನಾಯಿಗಳಿಗೂ ಪ್ರವೇಶಶುಲ್ಕ ಕಟ್ಟಬೇಕಷ್ಟೆ. ಅದನ್ನು ಕಟ್ಟಬಲ್ಲವನು ಅಂಕವನ್ನು ಕೊಂಡುಕೊಂಡ ಹಾಗೆಯೇ ಆಯಿತು. ನಿಯಮವನ್ನು ಮುರಿಯದೆ, ನಿಯಮದ ಒಳಗೇ ಕುಳಿತು ಮಾಡಬಹುದಾದ ಕೆಲಸವಿದು.

ಇನ್ನು ಬೇಟೆನಾಯಿಯ ವಿಷಯಕ್ಕೆ ಬಂದರೆ ತೊಡಕು ಹೆಚ್ಚುತ್ತದೆ. ಮುಧೋಳದಂಥ ನಾಯಿಗಳನ್ನು ‘ಸೈಟ್‌ಹೌಂಡ್’ ಎನ್ನುತ್ತಾರೆ. ವಾಸನೆಯ ಜಾಡು ಹಿಡಿಯದೆ, ಕಣ್ಣಿಗೆ ಬಿದ್ದ ಪ್ರಾಣಿಯನ್ನು ಬಯಲಿನಲ್ಲಿ ಓಡಿ ಹಿಡಿಯುವ ನಾಯಿಗಳಿವು. ಇವುಗಳ ದೇಹ ರೂಪುಗೊಂಡಿರುವುದು ಒಂದು ವಿಶಿಷ್ಟ ನಾಗಾಲೋಟಕ್ಕಾಗಿ: ಬೆನ್ನು ಬಿಲ್ಲಿನಂತೆ ಬಾಗಿ ಕಾಲುಗಳು ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಬೆನ್ನು ಚಾಚಿ ಕಾಲುಗಳು ಹಿಂದೆ ಮುಂದೆ ಹರಡಿದಾಗ ಇನ್ನೊಮ್ಮೆ, ಹೀಗೆ ಒಂದೇ ದಾಪಿನಲ್ಲಿ ಎರಡು ಬಾರಿ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ. ಪ್ರದರ್ಶನದ ಕಣದಲ್ಲಿ, ಅಂದರೆ ಹಗ್ಗ ಕಟ್ಟಿದ ‘ರಿಂಗ್’ನಲ್ಲಿ, ಕೊರಳಿಗೆ ತೆಳುವಾದ ಬಾರು ಕಟ್ಟಿಸಿಕೊಂಡ ನಾಯಿ ಹಿಡಿದವನ ಹೆಜ್ಜೆಗೆ ಸರಿಯಾಗಿ ಜಗ್ಗುಗಾಲಿನಲ್ಲಿ ಒಂದೆರಡು ಸುತ್ತು ಹಾಕುತ್ತದೆ, ಆಮೇಲೆ ಅಲುಗದೆ ನಿಲ್ಲುತ್ತದೆ; ತೀರ್ಪುಗಾರ ಹಲ್ಲು ನೋಡುತ್ತಾನೆ, ಭುಜ, ಎದೆ, ತೊಡೆಗಳನ್ನು ಮುಟ್ಟಿ ನೋಡುತ್ತಾನೆ. ಯಾವ ಓಟಕ್ಕಾಗಿ ಆ ಭುಜವೂ ತೊಡೆಯೂ ಇವೆಯೋ ಆ ಓಟ ಇಡೀ ಋತುವಿನಲ್ಲಿ ಒಮ್ಮೆಯೂ ಯಾವ ತೀರ್ಪುಗಾರನ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತು ಬಾರಿ ನೋಡದೆ ಬಿಟ್ಟದ್ದನ್ನು ಕೂಡಿಸಿದರೆ ನೋಡಿದಂತಾಗುವುದಿಲ್ಲ. ತಳಿಯ ಮಟ್ಟವನ್ನು ದಾಟಿ ಗುಂಪಿನ ಮಟ್ಟಕ್ಕೆ ಹೋದರೆ ಅದೇ ನಾಯಿ ಅಫ್ಘನ್ ಹೌಂಡ್, ಸಲೂಕಿಗಳಂಥ ಆಮದು ತಳಿಗಳ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ. ರೇಷ್ಮೆಯಂಥ ಕೂದಲನ್ನು ಗಂಟೆಗಟ್ಟಲೆ ಬಾಚಿ ಒಣಗಿಸಿ ತಂದ ಅಫ್ಘನ್ ನಾಯಿಯ ಎದುರು ಮೂಳೆ ಕಾಣುವ ಮೈಯ, ಕಿರುಗೂದಲಿನ ಮುಧೋಳ ನಾಯಿ ಬಡಕಲಾಗಿ ಕಂಡರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ವೆಚ್ಚದ ಮಾತನ್ನು ಒಂದು ನಿರ್ದಿಷ್ಟ ನೆಲದ ಮೇಲೆ ನಿಂತು ನೋಡುವುದು ಒಳಿತು. ಕೃಷ್ಣಗಿರಿ ಜಿಲ್ಲೆಯ ಜವಳಗಿರಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುವ ಗಡಿಯೂರು. ಹೊಸೂರು ಅರಣ್ಯ ವಿಭಾಗದ ಒಂದು ವಲಯಕ್ಕೆ ಅದರದೇ ಹೆಸರಿದೆ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ತಮಿಳುನಾಡಿಗೆ ದಾಟುವ ಮುಖ್ಯ ದಾರಿಗಳಲ್ಲಿ ಇದೂ ಒಂದಾಗಿದ್ದು, ರಾಗಿ ತೆನೆ ಬಲಿತು ಕೊಯ್ಲು ಮುಗಿಯುವ ತನಕ, ಅಂದರೆ ಸರಿಸುಮಾರು ಅಕ್ಟೋಬರಿನಿಂದ ಜನವರಿಯವರೆಗೆ, ಹೊಲ ಕಾಯುವ ಕೆಲಸ ರಾತ್ರಿಯದು. ದಕ್ಷಿಣದ ಶ್ವಾನಪ್ರದರ್ಶನಗಳ ಭರಾಟೆಯೂ, ಮೇ ತಿಂಗಳ ಊಟಿ ಪ್ರದರ್ಶನದಂಥ ಅಪವಾದಗಳನ್ನು ಬಿಟ್ಟರೆ, ಬಿಸಿಲೇರುವ ಮೊದಲಿನ ಈ ತಂಪು ತಿಂಗಳುಗಳಲ್ಲೇ ಇರುತ್ತದೆ. ಹೀಗಾಗಿ ಇಲ್ಲಿನ ರೈತನೊಬ್ಬನ ಬಳಿ ಒಳ್ಳೆಯ ಬೇಟೆನಾಯಿ ಇದ್ದರೆ, ಆ ನಾಯಿ ಹೊಲದಂಚಿನಲ್ಲಿ ಬೊಗಳಬೇಕಾದ ವಾರಗಳಲ್ಲಿಯೇ ಅದು ಬೆಂಗಳೂರಿನಲ್ಲಿಯೋ ಚೆನ್ನೈಯಲ್ಲಿಯೋ ರಿಂಗ್ ಸುತ್ತಬೇಕಾಗುತ್ತದೆ. ಬೆಂಗಳೂರು ಹತ್ತಿರವೇ ಇದೆ, ಚೆನ್ನೈ ಹೊಸೂರಿನಿಂದ ಸುಮಾರು 300 ಕಿಲೋಮೀಟರ್ ದೂರ. ಆದರೆ ಪಟ್ಟಿಯ ತುದಿಗೆ ಹೋಗಬೇಕಾದವನಿಗೆ ಕೊಲ್ಕತ್ತಾ, ಪುಣೆ, ದೆಹಲಿಗಳೂ ಬೇಕು. ರೈಲಿನಲ್ಲಿ ದೊಡ್ಡ ನಾಯಿಯನ್ನು ಜೊತೆಗೆ ಒಯ್ಯಬೇಕೆಂದರೆ ಹವಾನಿಯಂತ್ರಿತ ಪ್ರಥಮ ದರ್ಜೆಯ ಇಡೀ ಕೂಪೆಯನ್ನೇ ಕಾದಿರಿಸಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯಲ್ಲಿ ರಾತ್ರಿಯಿಡೀ ಕೂಡಿಹಾಕಬೇಕು. ಪೆಟ್ಟಿಗೆಯಲ್ಲಿ ಮುದುರಿ ಕುಳಿತು ಬಂದ ನಾಯಿ ಮರುದಿನ ಬೆಳಿಗ್ಗೆ ಕಣದಲ್ಲಿ ಹೇಗೆ ನಡೆದೀತೆಂಬುದನ್ನು ವಿವರಿಸಬೇಕಾಗಿಲ್ಲ. ನಾಯಿಯನ್ನು ಒಳಗೆ ಬಿಡುವ ವಸತಿಗೃಹ, ಕಣದಲ್ಲಿ ನಾಯಿಯನ್ನು ನಡೆಸಲು ಸಂಬಳ ಪಡೆಯುವ ‘ಹ್ಯಾಂಡ್ಲರ್’, ನೋಂದಣಿ, ಮೈಕ್ರೋಚಿಪ್, ಲಸಿಕೆಗಳ ದಾಖಲೆ ಇವೆಲ್ಲ ಸೇರಿದ ಮೇಲೆ ಪ್ರವೇಶಶುಲ್ಕ ಲೆಕ್ಕಕ್ಕೇ ಬಾರದ ಬಾಬ್ತಾಗುತ್ತದೆ. ಹಳ್ಳಿಯಲ್ಲಿ ಹುಟ್ಟಿದ ಬಹುಪಾಲು ದೇಶೀ ನಾಯಿಗಳಿಗೆ ವಂಶಾವಳಿಯ ಕಾಗದವಿರುವುದಿಲ್ಲ. ಕಾಗದ ಮಾಡಿಸಿಕೊಂಡ ಮೇಲೆಯೂ ಒಂದು ಸಂಸ್ಥೆ ಕ್ಯಾರವಾನ್ ಹೌಂಡ್ ಎಂದೂ ಇನ್ನೊಂದು ಸಂಸ್ಥೆ ಮುಧೋಳ ಹೌಂಡ್ ಎಂದೂ ಬೇರೆ ಬೇರೆ ಪುಸ್ತಕದಲ್ಲಿ ಬರೆಯುವುದರಿಂದ ಎರಡೂ ಕಡೆಯ ಶುಲ್ಕ ಕಟ್ಟುವವನಿಗೇ ಎರಡೂ ಕಡೆಯ ಬಾಗಿಲು ತೆರೆಯುತ್ತದೆ.

ಇಷ್ಟನ್ನೂ ಒಪ್ಪುವ ವಿಮರ್ಶಕರಿದ್ದಾರೆ, ಆದರೆ ಅವರು ಬೆರಳು ತೋರುವ ಕಡೆ ಸರಿಯಲ್ಲ. ಅವರ ಪ್ರಕಾರ ದೋಷವೆಲ್ಲ ತೀರ್ಪುಗಾರರದು: ಹೊರದೇಶದವರಿಗೆ ದೇಶೀ ತಳಿ ಗೊತ್ತಿಲ್ಲ, ಸ್ವದೇಶದವರಿಗೆ ಮುಖ ನೋಡಿ ಮಣೆ ಹಾಕುವ ಅಭ್ಯಾಸ. ಇಂಥ ದೂರುಗಳಲ್ಲಿ ಕೆಲವು ನಿಜವೇ ಇರಬಹುದು, ಆದರೆ ಎಲ್ಲ ತೀರ್ಪುಗಾರರೂ ಹರಿಶ್ಚಂದ್ರರಾದರೂ ಮೇಲೆ ಹೇಳಿದ ಲೆಕ್ಕ ಬದಲಾಗುವುದಿಲ್ಲ, ನಾಲ್ಕಕ್ಕೆ ಮೂರು ಗೆದ್ದ ನಾಯಿ ಕೆಳಗೇ ಉಳಿಯುತ್ತದೆ. ತೀರ್ಪುಗಾರನನ್ನು ಬಯ್ಯುವುದು ಸುಲಭ ಮತ್ತು ತೃಪ್ತಿಕರ. ಸೂತ್ರವನ್ನು ಬಯ್ಯಬೇಕಾದರೆ ಕೂಡಿಸುವ ಕಳೆಯುವ ಶ್ರಮ ಪಡಬೇಕು.

ಇನ್ನೊಂದು ಗುಂಪು ಪ್ರದರ್ಶನಗಳಿಲ್ಲದಿದ್ದರೆ ದೇಶೀ ತಳಿಗಳೇ ಅಳಿದುಹೋಗುತ್ತಿದ್ದವೆಂದು ವಾದಿಸುತ್ತದೆ. ಡಬ್ಲ್ಯೂ. ವಿ. ಸೋಮನ್ ಅವರು 1963ರಲ್ಲಿ ಭಾರತೀಯ ನಾಯಿಗಳ ಕುರಿತು ಪುಸ್ತಕ ಬರೆದಾಗಿನಿಂದ ಎಸ್. ಥಿಯೊಡೋರ್ ಭಾಸ್ಕರನ್ ಅವರ 2017ರ ಕೃತಿಯವರೆಗೆ ದೇಶೀ ತಳಿಗಳ ಅಲಕ್ಷ್ಯದ ಬಗ್ಗೆ ನಡೆದಿರುವ ಚರ್ಚೆ ಗಂಭೀರವಾದದ್ದು, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಪ್ರದರ್ಶನ ಬೇರೆ, ಪ್ರದರ್ಶನಗಳ ಮೊತ್ತ ಬೇರೆ. ಒಂದು ತಳಿಯ ಉಳಿವಿಗೆ ಬೇಕಾದುದು ಹತ್ತಾರು ಹಳ್ಳಿಗಳಲ್ಲಿ ಹರಡಿರುವ, ಪರಸ್ಪರ ರಕ್ತಸಂಬಂಧ ಕಡಿಮೆಯಿರುವ ನಾಯಿಗಳು. ಋತುಪ್ರಶಸ್ತಿ ಮಾಡುವುದು ಅದಕ್ಕೆ ತದ್ವಿರುದ್ಧವಾದ ಕೆಲಸ. ಪಟ್ಟಿಯ ತುದಿಯ ಒಂದೆರಡು ಗಂಡುನಾಯಿಗಳಿಗೆ ಬೇಡಿಕೆ ಏರಿ, ಎಲ್ಲರ ಮನೆಯ ಮರಿಗಳೂ ಅವುಗಳ ಮರಿಗಳೇ ಆಗುವ ಅಪಾಯ ಜಗತ್ತಿನ ಎಷ್ಟೋ ತಳಿಗಳಲ್ಲಿ ಈಗಾಗಲೇ ಕಂಡುಬಂದಿದೆ. ಉಳಿಸುವವರೆಂಬ ಬಿರುದು ಹೊತ್ತವರು ಈ ಪ್ರಶ್ನೆಗೆ ಉತ್ತರಿಸುವ ಗೋಜಿಗೇ ಹೋಗಿಲ್ಲ.

ಮೂರನೆಯ ಗುಂಪಿನವರು ರಿಂಗ್ ಬಿಟ್ಟು ಬಯಲಿಗೆ ಬನ್ನಿ, ನಾಯಿಯ ಬೇಟೆಯನ್ನೇ ಪರೀಕ್ಷಿಸಿ ಎನ್ನುತ್ತಾರೆ. ಇವರಿಗೆ ಕಾನೂನಿನ ನೆನಪಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ನಾಯಿ ಬಿಟ್ಟು ಅಟ್ಟಿಸುವುದೂ, ಸುತ್ತುವರಿದು ಓಡಿಸುವುದೂ ಅದರಲ್ಲಿ ಸೇರಿದೆ. ಜವಳಗಿರಿಯ ಸುತ್ತ ಮೀಸಲು ಅರಣ್ಯ ಮತ್ತು ಕಾವೇರಿ ಉತ್ತರ ವನ್ಯಜೀವಿಧಾಮ ಇರುವುದರಿಂದ ಅಲ್ಲಿ ಮೊಲದ ಹಿಂದೆ ನಾಯಿ ಬಿಟ್ಟವನಿಗೆ ಸಿಗುವುದು ಕಪ್ ಅಲ್ಲ, ಮೊಕದ್ದಮೆ. ಈ ನಿಷೇಧ ಸರಿಯಾದದ್ದೇ.

ಆದರೂ ಬಯಲಿನ ಪರೀಕ್ಷೆಯ ನಿಯಮಗಳಿಂದ ಕಲಿಯಬೇಕಾದದ್ದಿದೆ. ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ ನಡೆಸುವ ರಾತ್ರಿಬೇಟೆಯ ಸ್ಪರ್ಧೆಗಳಲ್ಲಿ ವಾಸನೆ ಹಿಡಿಯುವ ಕೂನ್‌ಹೌಂಡ್‌ಗಳನ್ನು ಹೆಚ್ಚೆಂದರೆ ನಾಲ್ಕರ ಗುಂಪಿನಲ್ಲಿ ಕಾಡಿಗೆ ಬಿಡುತ್ತಾರೆ. ರಕೂನ್ ಎಂಬ ಪ್ರಾಣಿಯ ಜಾಡು ಸಿಕ್ಕಿತೆಂದು ಮೊದಲು ದನಿ ಎತ್ತಿದ ನಾಯಿಗೆ 100, ಅನಂತರದವಕ್ಕೆ 75, 50, 25 ಅಂಕ. ರಕೂನ್ ಏರಿದ ಮರವನ್ನು ಮೊದಲು ಗುರುತಿಸಿ ನಿಂತ ನಾಯಿಗೆ 125, ಉಳಿದವಕ್ಕೆ 75, 50, 25. ಕತ್ತಲಲ್ಲಿ ತನ್ನ ನಾಯಿಯ ದನಿಯನ್ನು ಗುರುತಿಸಿ ಕೂಗಿ ಹೇಳಬೇಕಾದವನು ಅದನ್ನು ತಂದವನೇ. ಮರದಲ್ಲಿ ಪ್ರಾಣಿ ಕಂಡರೆ ಆ ಅಂಕಗಳು ಕೂಡುತ್ತವೆ, ಮರ ಖಾಲಿಯೆಂದು ಖಚಿತವಾದರೆ ಅಷ್ಟೇ ಅಂಕ ಕಳೆಯುತ್ತವೆ, ಎಲೆ ದಟ್ಟವಾಗಿ ಏನೂ ತೀರ್ಮಾನವಾಗದಿದ್ದರೆ ಆ ಅಂಕಗಳಿಗೆ ಸುತ್ತು ಹಾಕಿ ಬದಿಗಿಡುತ್ತಾರೆ. ಈ ಕಳೆಯುವ ನಿಯಮದಲ್ಲಿ ಇಡೀ ಪದ್ಧತಿಯ ನ್ಯಾಯ ಅಡಗಿದೆ: ಸುಳ್ಳು ಬೊಗಳಿದ ನಾಯಿಯೂ, ಆತುರಪಟ್ಟು ಕೂಗಿದ ಮಾಲೀಕನೂ ಅದೇ ರಾತ್ರಿ ಬೆಲೆ ತೆರುತ್ತಾರೆ. ಆ ನ್ಯಾಯ ಇರುವುದು ಒಂದು ರಾತ್ರಿಯ ಲೆಕ್ಕದಲ್ಲಿ ಮಾತ್ರ. ರಾತ್ರಿಗಳನ್ನು ಕೂಡಿಸಿ ವರ್ಷದ ಪಟ್ಟಿ ಮಾಡಹೊರಟೊಡನೆ ಅಲ್ಲಿಯೂ ಪೆಟ್ರೋಲು, ಪ್ರವೇಶಶುಲ್ಕ, ಬಿಡುವಾದ ವಾರಾಂತ್ಯಗಳು ಗೆಲ್ಲತೊಡಗುತ್ತವೆ.

ಕನ್ನಡನಾಡಿನಲ್ಲಿ ಬೇಟೆನಾಯಿಗೆ ಸಂದ ಅತ್ಯಂತ ಹಳೆಯ ಗೌರವಗಳಲ್ಲಿ ಒಂದಾದ ಆತಕೂರಿನ ಶಾಸನವನ್ನು ಪ್ರಶಸ್ತಿಪತ್ರವಾಗಿ ಓದಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಮದ್ದೂರು ತಾಲ್ಲೂಕಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಕ್ರಿ.ಶ. 949–50ರದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದನ್ನು ಕೇಳೆಂದಾಗ ಅವನು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು; ಆ ನಾಯಿ ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ದೊಡ್ಡ ಹಂದಿಯೊಂದನ್ನು ಎದುರಿಸಿ ಕೊಂದು ತಾನೂ ಸತ್ತಿತು. ಕಲ್ಲನ್ನು ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ಪಾಪ ತಟ್ಟುವುದೆಂದೂ ಬರೆಸಲಾಯಿತು. ಈ ಶಾಸನವನ್ನು ಕನ್ನಡಿಗರ ಪ್ರಾಣಿಪ್ರೀತಿಯ ಪುರಾವೆಯೆಂದು ಭಾವುಕವಾಗಿ ಉದಾಹರಿಸುವ ವಾಡಿಕೆ ಬೆಳೆದಿದೆ. ಆ ವಾಡಿಕೆ ಶಾಸನದ ನಿಜವಾದ ಬಿಗಿಯನ್ನು ಮರೆಮಾಡುತ್ತದೆ. ಇಲ್ಲಿ ನಾಯಿಯ ಹೆಸರಿದೆ, ಕೊಟ್ಟವನ ಮತ್ತು ಪಡೆದವನ ಹೆಸರಿದೆ, ಸ್ಥಳವಿದೆ, ಎದುರಾಳಿ ಏನೆಂದು ಹೇಳಿದೆ, ಎದುರಾಳಿ ಸತ್ತದ್ದನ್ನೂ ನಾಯಿ ಸತ್ತದ್ದನ್ನೂ ಒಟ್ಟಿಗೇ ಹೇಳಿದೆ, ಮತ್ತು ಗೌರವದ ಖರ್ಚನ್ನು ಯಾವ ನೆಲ ಭರಿಸಬೇಕೆಂಬುದೂ ಇತ್ಯರ್ಥವಾಗಿದೆ. ಗೆಲುವಿನ ಸ್ವರೂಪವನ್ನು ಓದುಗ ಪರಿಶೀಲಿಸಬಹುದಾದಷ್ಟು ವಿವರ ಈ ಪುಟ್ಟ ಬರಹದಲ್ಲಿದೆ. ಇಂದಿನ ಋತುಪಟ್ಟಿಯಲ್ಲಿ ನಾಯಿಯ ಹೆಸರಿನ ಮುಂದೆ ಒಂದು ಸಂಖ್ಯೆ ಮಾತ್ರ ಇರುತ್ತದೆ. ಅದು ಯಾರನ್ನು, ಎಲ್ಲಿ, ಎಷ್ಟು ಸಲ ಸೋತು ಗೆದ್ದಿತೆಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಕೋವಿವನ್ ಎಂಬ ನಾಯಿ ಇಬ್ಬರು ಕಳ್ಳರನ್ನು ಕಚ್ಚಿತೆಂದು ಹೇಳುವ ಪಲ್ಲವರ ಕಾಲದ ವೀರಗಲ್ಲೂ ಇದೇ ಜಾತಿಯದು: ಕಚ್ಚಿದ್ದು ಇಬ್ಬರನ್ನು, ಬರೆದದ್ದೂ ಇಬ್ಬರೆಂದೇ.

ಋತುಪ್ರಶಸ್ತಿಯ ಪರವಾಗಿ ಹೇಳಬಹುದಾದ ಒಂದೇ ಗಟ್ಟಿ ಮಾತೆಂದರೆ, ಹೋಲಿಕೆಗೆ ಏನಾದರೊಂದು ಅಳತೆ ಬೇಕು ಎಂಬುದು. ಅಳತೆ ಬೇಕು ನಿಜ, ಆದರೆ ಅದು ಮಿತಿಯಿಲ್ಲದ ಮೊತ್ತವೇ ಆಗಬೇಕಾಗಿಲ್ಲ. ಟೆನಿಸ್ ಆಟಗಾರರ ಜಾಗತಿಕ ಶ್ರೇಯಾಂಕ 52 ವಾರಗಳ ಆಟದಲ್ಲಿ ನಿಗದಿತ ಸಂಖ್ಯೆಯ ಉತ್ತಮ ಫಲಿತಾಂಶಗಳನ್ನು ಮಾತ್ರ ಎಣಿಸುತ್ತದೆ. ನಾಯಿಗಳ ಪಟ್ಟಿಯೂ ಪ್ರತಿ ನಾಯಿಯ ಅತ್ಯುತ್ತಮ ಐದು ಫಲಿತಾಂಶಗಳನ್ನಷ್ಟೇ ಪರಿಗಣಿಸಿ, ಒಟ್ಟು ಎಷ್ಟು ಪ್ರದರ್ಶನಗಳಲ್ಲಿ ಭಾಗವಹಿಸಿತೆಂಬುದನ್ನು ಪಕ್ಕದಲ್ಲೇ ಮುದ್ರಿಸಿ, ಒಂದೇ ಮಾಲೀಕನ ನಾಯಿಗಳು ಸೋತದ್ದನ್ನು ಲೆಕ್ಕದಿಂದ ಹೊರಗಿಟ್ಟು, ಬೇಟೆನಾಯಿಗಳ ವಿಭಾಗಕ್ಕೆ ಜೀವಂತ ಪ್ರಾಣಿಯ ಬದಲು ಯಂತ್ರ ಎಳೆಯುವ ಬಟ್ಟೆತುಂಡಿನ ಹಿಂದೆ ಓಡಿಸುವ ಒಂದು ಪರೀಕ್ಷೆಯನ್ನು ಕಾನೂನಿನ ಅನುಮತಿಯೊಂದಿಗೆ ಸೇರಿಸಿದರೆ, ಜವಳಗಿರಿಯ ನಾಯಿಯೂ ಬೆಂಗಳೂರು, ಚೆನ್ನೈ, ಊಟಿಗಳಷ್ಟರಲ್ಲೇ ತನ್ನ ಋತುವನ್ನು ಮುಗಿಸಿ ಸ್ಪರ್ಧೆಯಲ್ಲಿ ಉಳಿಯಬಹುದು. ಇದಕ್ಕೆ ವಿರೋಧ ಬರುವುದಾದರೆ ಅದು ತತ್ತ್ವದ ಹೆಸರಿನಲ್ಲಿ ಬಂದರೂ ಖಜಾನೆಯಿಂದ ಬಂದಿರುತ್ತದೆ: ಐದು ಗೆಲುವು ಸಾಕೆನ್ನುವ ಮಾಲೀಕ ಆರನೆಯ ಊರಿನ ಪ್ರವೇಶಶುಲ್ಕ ಕಟ್ಟುವುದಿಲ್ಲ, ಮತ್ತು ಸಣ್ಣ ಊರುಗಳ ಎಷ್ಟೋ ಕ್ಲಬ್ಬುಗಳು ಮೈದಾನದ ಬಾಡಿಗೆಯನ್ನೂ ತೀರ್ಪುಗಾರರ ಪ್ರಯಾಣವೆಚ್ಚವನ್ನೂ ತೂಗಿಸುವುದು ಆ ಶುಲ್ಕದಿಂದಲೇ.